ಮನ್ನಾ ಆಗೋ ಸಾಲ

ನಮ್ಮಪ್ಪ ಈ ಮಾತು ಹೇಳಿದ್ದು ಬಸ್ಸಿನಾಗ, ನಮ್ಮೂರು ಕರೂರಿಂದ ಸಿರುಗುಪ್ಪಕ್ಕ ಹೋಗುವಾಗ. ತಂಗಿ ಕಾವೇರಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಬ್ಯಾಂಕಿನಾಗ ಓದೋ ಸಾಲ ಕೇಳಾಕ ಮೂವರೂ ಹೊಂಟಿದ್ವಿ. ಹದಿನೈದು ದಿನದಾಗ ಫೀಸು ಕಟ್ಟದಿದ್ರ ಸೀಟು ಬ್ಯಾರೆಯವರ ಪಾಲು.

"ಪಂಪಿ, ನೀ ನರ್ಸಿಂಗ್ ಓದಿದ ಸಾಲದ ಕಂತು ನಾನು ಕಟ್ಟಿಲ್ಲವ್ವ. ನೀ ಕಳಿಸಿದ ರೊಕ್ಕ ಪೋಸ್ಟಾಫೀಸಿನಾಗ ಹಂಗ ಐತಿ," ಅಂದ. ಮಾರಿ ಮ್ಯಾಲ ನಗಿ ಬ್ಯಾರೆ.

ಬಳ್ಳಾರಿ ಆಸ್ಪತ್ರಿಯಾಗ ನರ್ಸಾಗಿ ಎರಡೆರಡು ಪಾಳಿ ಮಾಡಿ, ಹೊಟ್ಟಿ ಬಟ್ಟಿ ಕಟ್ಟಿ ತಿಂಗಳಾ ಕಳಿಸಿದ ರೊಕ್ಕ ಅದು.

"ಯಾಕ ಕಟ್ಟಲಿಲ್ಲ?"

"ಸರ್ಕಾರ ಮನ್ನಾ ಮಾಡತೈತಂತ. ಓಟು ಕೇಳಾಕ ಬಂದೋರು ಹೇಳ್ಯಾರ. ನಮ್ಮೂರ ದೊಡ್ಡಬಸವರಾಜಪ್ಪನ ಬೆಳಿಸಾಲ ಮನ್ನಾ ಆಗಲಿಲ್ಲೇನು? ನಿಯತ್ತಿಲೆ ಕಟ್ಟಿದೋರಿಗೆ ಏನು ಸಿಕ್ತು?"

"ನಿನಗ ತಲಿ ನೆಟ್ಟಗೈತೇನಪ್ಪಾ? ತಗೊಂಡಿದ್ದು ಕಟ್ಟಬೇಕು. ಸರ್ಕಾರ ಏನು ನಮ್ಮ ಸ್ವಾದರಮಾವನಾ?"

"ಹೊಲ ಇದ್ದೋರದು ಬಿಡೋ ಸರ್ಕಾರ, ಕೂಲಿ ಮಾಡೋನ ಮಗಳದು ಬಿಡಬಾರದೇನು?"

ನನಗ ಬ್ಯಾರೆ ಅಂಜಿಕಿ ಇತ್ತು. ಕಾವೇರಿ ಸಾಲಕ್ಕೂ ಅಪ್ಪನ ಸಹಿ ಹಾಕಬೇಕಲ್ಲ. ಕಿಟಕಿ ಕಡಿ ಕುಂತಿದ್ದ ಅಕಿ ನನ್ನ ತೋಳು ಹಿಡಕೊಂಡು, "ಅಕ್ಕಾ, ಕೊಡತಾರಲ್ಲ?" ಅಂತ ಕೇಳಿದ್ಳು. ಹೂಂ ಅಂದೆ.

ಬ್ಯಾಂಕಿನ ಸಾಹೇಬ್ರು ಕಂಪ್ಯೂಟರಿನಾಗ ಅಪ್ಪನ ಹೆಸರು ಹುಡುಕಿದ್ರು. ಆಮ್ಯಾಲ ನನ್ನ ಕಡಿ ಕೈ ತೋರಿಸಿ ಅಪ್ಪನ್ನ ಕೇಳಿದ್ರು.

"ಇವರ ಸಾಲಕ್ಕ ಸಹಿ ಹಾಕಿದೋರು ನೀವ ಅಲ್ಲೇನ್ರಿ? ಭಾಳ ಬಾಕಿ ಐತಿ. ಅದು ತೀರಿಸಿದ್ರೂ ದಾಖಲಿ ಸರಿಹೋಗಾಕ ತಿಂಗಳು ಹಿಡಿತೈತಿ. ಅಲ್ಲೀತನ ಹೊಸದು ಆಗಂಗಿಲ್ಲ."

"ಸಾಹೇಬ್ರ, ಸರ್ಕಾರದೋರು ಮನ್ನಾ..."

"ನಮಗ ಯಾವ ಆದೇಶನೂ ಬಂದಿಲ್ರಿ ಯಜಮಾನ್ರ."

ಹೊರಗ ಬಂದು ಅಪ್ಪ ಮೆಟ್ಟಿಲ ಮ್ಯಾಲ ಕುಸಿದು ಕುಂತ. "ಯವ್ವಾ, ಆ ರೊಕ್ಕ ಬಿಡಿಸಿ ನಿನ್ನ ಸಾಲಕ್ಕ ಕಟ್ಟಿಬಿಡ್ಲೇನು?" ಅಂದ.

ಕಟ್ಟಿದ್ರ ನನ್ನ ಹೆಸರು ಚೊಕ್ಕ ಆಗತೈತಿ, ಕಾವೇರಿ ಭತ್ತದ ನಾಟಿಗೆ ಹೋಗಬೇಕಾಗತೈತಿ. ಕಟ್ಟದಿದ್ರ ವಸೂಲಿಯೋರು ಆಸ್ಪತ್ರಿಗೇ ಬಂದು ಎಲ್ಲರ ಮುಂದ ಮಾನ ಕಳೀತಾರ. ಹೆಣ ತೊಳಿಯುವಾಗೂ ಅಷ್ಟು ಅಂಜಿದಾಕಿ ಅಲ್ಲ ನಾನು. ಕಾವೇರಿ ಸೀಟಿನ ಕಾಗದ ಮಡಚಿ ಚೀಲದಾಗ ಇಟ್ಕೊಂಡ್ಳು.

"ಆ ರೊಕ್ಕದಾಗ ಅಕಿ ಫೀಸು ಕಟ್ಟೋಣ, ನಡಿ," ಅಂದೆ.

ಈಗ ಅಕಿ ಕಾಲೇಜಿಗೆ ಹೊಕ್ಕಾಳ. ನನ್ನ ಪಗಾರ ಅಕಿ ಮುಂದಿನ ವರ್ಷದ ಫೀಸಿಗೇ ಸಾಲಂಗಿಲ್ಲ, ನನ್ನ ಸಾಲ ಹಂಗ ಉಳದೈತಿ. ಗೊತ್ತಿಲ್ಲದ ನಂಬರಿಂದ ಫೋನು ಬಂದ್ರ ವಸೂಲಿಯೋರು ಇರಬೇಕಂತ ಎತ್ತಂಗಿಲ್ಲ. ಅಪ್ಪ ಮನ್ನಾದ ಮಾತು ಎತ್ತೋದ ಬಿಟ್ಟಾನ. ದಿನಾ ಅವಗ ಫೋನು ಹಚ್ಚಿ, "ಸುದ್ದಿಯಾಗ ಏನರ ಹೇಳಿದ್ರೇನಪ್ಪಾ?" ಅಂತ ಕೇಳಾಕಿ ನಾನ ಅದೀನಿ.