ಒಂದು ದಿನ ತೊಳೆಯದ ಕಾರು

ಮಲಪನಗುಡಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಹಂಪ್ಸ್ ಬಂತೆಂದರೆ ಸಾಕು, ಪಂಪಮ್ಮನ ಮನೆಯವರೆಲ್ಲ ಕಾರಿನಿಂದ ಇಳಿಯಬೇಕು. ಮಗ ವೀರೇಶ್ ಉಸಿರು ಬಿಗಿಹಿಡಿದು, ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ದಾಟಿಸುತ್ತಾನೆ. ಸೊಸೆ ಸುನಿತಾ ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಪಂಪಮ್ಮ ಸೀರೆಯ ನೆರಿಗೆ ಹಿಡಿದುಕೊಂಡು ಹಿಂದಿನಿಂದ ನಡೆದು ಬರುತ್ತಾರೆ. ಆಮೇಲೆ ಮತ್ತೆ ಹತ್ತಬೇಕು. ಅಷ್ಟರಲ್ಲಿ ಅದಿರು ಲಾರಿ ಎರಡು ಹಾದುಹೋಗಿ, ಧೂಳಿಗೆ ಮೂವರ ತಲೆಯೂ ಕೆಂಪಾಗಿರುತ್ತದೆ.

“ಕಾರು ನಮ್ಮನ್ನ ಕರ್ಕಂಡು ಹೊಂಟೈತೋ, ನಾವೇ ಕಾರಿನ ಮೆರವಣಿಗಿ ಮಾಡಾಕ ಹತ್ತೀವೋ?” ಎಂದು ಪಂಪಮ್ಮ ಕೇಳಿದರೆ, ವೀರೇಶ್ ಕಿವಿಗೆ ಬೀಳದವನಂತೆ ಹಾಡಿನ ಸದ್ದು ಏರಿಸುತ್ತಿದ್ದ.

ಅದು 2007ನೇ ಇಸವಿ. ವೀರೇಶನದು ಹೊಸಪೇಟೆಯಲ್ಲಿ ಟಾರ್ಪಾಲಿನ ಅಂಗಡಿ. ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿಗಳಿಗೆಲ್ಲ ಟಾರ್ಪಾಲು ಬೇಕಾಗಿದ್ದ ಕಾಲ. ವ್ಯಾಪಾರ ಕುದುರಿತು, ಬಿಳಿ ಬಣ್ಣದ ಸ್ಪೋರ್ಟ್ಸ್ ಸೆಡಾನ್ ಬಂತು. ಕಾರು ಬಂದಮೇಲಾದರೂ ಮನುಷ್ಯ ಸುಮ್ಮನಿದ್ದನೇ? ಇಲ್ಲ. ಅವನ ಕೈ ಸುಮ್ಮನಿರುವ ಕೈಯಲ್ಲ. ಅಗಲ ಟೈರು ಹಾಕಿಸಿದ. ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿ ಕಾರನ್ನು ನೆಲಕ್ಕೆ ಅಂಟುವಂತೆ ಇಳಿಸಿದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೊಳೆಯುತ್ತಿದ್ದ. ಚಕ್ರದ ಒಳಮೈಗೂ ಪೈಪಿನ ನೀರು ಬಿಟ್ಟು ಉಜ್ಜುತ್ತಿದ್ದ. ದಾರಿಬದಿಯ ಬೇವಿನ ಮರಗಳೇ ಕೆಂಪಾಗಿದ್ದ ಆ ದಿನಗಳಲ್ಲಿ ಅವನ ಕಾರು ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

ಆದರೆ ಒಂದು ವಾರದಿಂದ ಅವನಿಗೆ ನೆಮ್ಮದಿ ಇಲ್ಲ. ಹಿಂದಿನಿಂದ ಸರ್ ಸರ್ ಎಂಬ ಸದ್ದು ಬರುತ್ತಿತ್ತು. ಒಬ್ಬನೇ ಓಡಿಸಿದರೆ ಬರದು, ಮನೆಯವರು ಕೂತರೆ ಬರುವುದು. ಅಂಗಡಿಯಲ್ಲಿ ಗಿರಾಕಿಗೆ ಟಾರ್ಪಾಲು ಅಳೆಯುತ್ತಿದ್ದರೂ ಕಿವಿಯಲ್ಲಿ ಅದೇ ಸದ್ದು. ಸೋಮವಾರ ಸಂಡೂರಿನಲ್ಲಿ ತಂಗಿ ಗಂಗಾಂಬಿಕಾಳ ಕೂಸಿಗೆ ತೊಟ್ಟಿಲು ಕಾರ್ಯ ಇತ್ತು. ಎಲ್ಲರನ್ನೂ ಕಾರಿನಲ್ಲೇ ಕರೆತರುತ್ತೇನೆಂದು ಬೀಗರ ಮುಂದೆ ಹೇಳಿಕೊಂಡಾಗಿತ್ತು.

“ಅವ್ವ, ನೀನು ಒಂದ ಕಡಿಗೆ ವಾಲಿ ಕುಂದ್ರತಿ. ಅದಕ್ಕ ಸದ್ದು ಬರ್ತೈತಿ” ಎಂದು ತಾಯಿಯ ಮೇಲೇ ಹರಿಹಾಯ್ದ. ಪಂಪಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಈ ಜಗಳ ಪಕ್ಕದ ಓಣಿಯ ಸುಧಾರಾಣಿಯ ಕಿವಿಗೂ ಬಿತ್ತು. ಆಟೊಮೊಬೈಲ್ ಡಿಪ್ಲೊಮಾ ಮಾಡಿದ ಹುಡುಗಿ. ಯಶವಂತನಗರದ ಹತ್ತಿರದ ಗಣಿಯೊಂದರಲ್ಲಿ ಲಾರಿಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಅವಳು ಸರಿ ಎನ್ನದೆ ಒಂದು ಲಾರಿಯೂ ಗುಡ್ಡ ಇಳಿಯುವಂತಿರಲಿಲ್ಲ.

“ವೀರೇಶಣ್ಣ, ಸ್ಪ್ರಿಂಗ್ ಕತ್ತರಿಸೀರೇನ್ರಿ?”

“ಹೌದು. ಭಾಳ ಮಸ್ತ್ ಕಾಣ್ತೈತಲ್ಲ?”

“ಕಾಣಾದು ಕಾಣ್ತೈತ್ರಿ. ಕೆಳಗ ಬಗ್ಗಿ ನೋಡೀರೇನು?”

“ದಿನಾ ಎರಡ ಸಲ ತೊಳಿತೀನಿ. ನನಗಿಂತ ಚಂದಾಗಿ ಯಾರು ನೋಡ್ತಾರ?”

“ಅದಕ್ಕ ನಿಮಗ ಏನೂ ಕಂಡಿಲ್ಲ” ಎಂದು ಸುಧಾರಾಣಿ ನಕ್ಕಳು. “ಇವತ್ತು ತೊಳಿಬ್ಯಾಡ್ರಿ. ಧೂಳು ಕುಂದರ್ಲಿ. ನಾಳಿ ಬೆಳಿಗ್ಗೆ ಬರ್ತೀನಿ.”

“ತೊಳಿಲಿಲ್ಲಂದ್ರ ಸದ್ದು ಹೋಗ್ತೈತಾ?” ವೀರೇಶ್ ಮೂಗು ಮುರಿದ. “ಲಾರಿ ನೋಡೋ ಕಣ್ಣಿಗೆ ಕಾರು ತಿಳಿಯಂಗಿಲ್ಲ ತಂಗಿ.”

“ತಿಳೀದಿದ್ರ ಹಂಗ ಹೇಳ್ತೀನಿ ಬಿಡ್ರಿ. ಒಂದ ದಿನದ ಮಾತು.”

ಆ ಒಂದು ದಿನ ವೀರೇಶನಿಗೆ ಒಂದು ತಿಂಗಳಾಯಿತು. ಅಂಗಡಿಗೆ ಹೋಗಿಬರುವಷ್ಟರಲ್ಲಿ ಬಿಳಿ ಕಾರು ಇಟ್ಟಿಗೆಯ ಬಣ್ಣಕ್ಕೆ ಬಂತು. ಸಂಜೆ ಬಕೆಟ್ಟು ತುಂಬಿಸಿದ, ಚೆಲ್ಲಿದ. ಬಟ್ಟೆ ಹಿಡಿದು ಕಾರಿನ ಸುತ್ತ ಮೂರು ಸುತ್ತು ಹಾಕಿದ. ಸುನಿತಾ ಬಟ್ಟೆ ಕಸಿದುಕೊಂಡು ಒಳಗಿಟ್ಟಳು. ಬೈಕಿನಲ್ಲಿ ಹೊರಟಿದ್ದ ಗೆಳೆಯ ಉಚ್ಚೆಂಗೆಪ್ಪ ನಿಂತು, “ಯಾಕಲೇ, ಆ ಬಿಳಿ ಕಾರು ಮಾರಿ ಕೆಂಪಂದು ತಂದ್ಯಾ?” ಎಂದು ಕಿಚಾಯಿಸಿದ. ವೀರೇಶನ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಸುಧಾರಾಣಿ ಬಂದಳು. ಪಂಪಮ್ಮ, ಸುನಿತಾ, ಮಗು ಮೂವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ತೋಟದ ದಾರಿಯಲ್ಲಿ ನಿಧಾನವಾಗಿ ಹೋಗಿ ಬರಲು ಹೇಳಿದಳು. ಹೋಗಿ ಬಂದರು. ಸದ್ದು ಬಂದೇ ಬಂತು. ಎಲ್ಲರೂ ಇಳಿದ ಮೇಲೆ ಜಾಕ್ ಏರಿಸಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಎಡ ಚಕ್ರ ಬಿಚ್ಚಿಸಿದಳು.

“ಈಗ ನೋಡ್ರಿ ಅಣ್ಣ. ಎಲ್ಲಾ ಕೆಂಪಗೈತಿ. ಎಲ್ಲಿ ಕೆಂಪಿಲ್ಲ ಹೇಳ್ರಿ.”

ವೀರೇಶ್ ಮಂಡಿಯೂರಿ ನೋಡಿದ. ಒಳಗೆಲ್ಲ ಅದಿರಿನ ಧೂಳು ಕೂತಿತ್ತು. ಬ್ರೇಕಿನ ರಬ್ಬರ್ ಪೈಪಿನ ಮೇಲೆ ಮಾತ್ರ ಬೆರಳುದ್ದದ ಜಾಗ ಕಪ್ಪಗೆ ಹೊಳೆಯುತ್ತಿತ್ತು. ಯಾರೋ ಆಗತಾನೇ ಒರೆಸಿದ ಹಾಗಿತ್ತು. ಅದರ ನಡುವೆ ರಬ್ಬರು ಸವೆದು, ಒಳಗಿನ ಬಿಳಿ ನೂಲು ಕಾಣುತ್ತಿತ್ತು.

“ಕಾರು ಕೆಳಗ ಇಳಿದಂಗ ಈ ಪೈಪು ಸಡ್ಲಾಗಿ ಡೊಂಕಾಗೈತಿ. ಟೈರೂ ಅಗಲ. ಹಿಂದ ಮಂದಿ ಕುಂತ್ರ ಟೈರು ಬಂದು ಪೈಪಿಗೆ ಉಜ್ಜತೈತಿ. ನೀವು ದಿನಾ ತೊಳದು ಗುರುತ ಉಳಿಸಿಲ್ಲ. ನಮ್ಮ ಗಣಿಯಾಗ ಧೂಳು ಎಲ್ಲಿ ಅಳಿಸೈತಿ ಅಂತ ಮೊದ್ಲು ನೋಡ್ತೀವ್ರಿ. ಈಗ ಒಳಗ ಕುಂತು ಬ್ರೇಕ್ ಒತ್ರಿ. ಇನ್ನೊಮ್ಮೆ ಜೋರಾಗಿ ಒತ್ರಿ. ಬಂದು ನೋಡ್ರಿ.”

ಬಿಳಿ ನೂಲು ಒದ್ದೆಯಾಗಿತ್ತು. ಬ್ರೇಕ್ ಆಯಿಲಿನ ಒಂದು ಹನಿ ಕೂಡಿಕೊಂಡು, ತೂಗಾಡಿ, ಕೆಂಪು ಮಣ್ಣಿಗೆ ಬಿತ್ತು.

“ನೀವೊಬ್ರ ಕುಂತಾಗ ಇದು ತಾಗಂಗಿಲ್ಲ ಅಣ್ಣ” ಎಂದಳು ಸುಧಾರಾಣಿ, ಮೆಲ್ಲಗೆ. “ಮನಿಯವ್ರು ಕುಂತ್ರ ಮಾತ್ರ ತಾಗತೈತಿ.”

ಪೈಪು ಹರಿದರೆ ಬ್ರೇಕೇ ಹಿಡಿಯದು ಎಂದು ವೀರೇಶನಿಗೆ ಹೊಳೆಯಿತು. ಸಂಡೂರಿನ ಇಳಿಜಾರು ಕಣ್ಣ ಮುಂದೆ ಬಂತು. ಮುಂದೆ ಅದಿರು ತುಂಬಿದ ಲಾರಿ, ಹಿಂದಿನ ಸೀಟಿನಲ್ಲಿ ಅವ್ವ, ಹೆಂಡತಿ, ಮಗಳು. ಸರಿಯಾಗಿ ಕೂರಲು ಬರುವುದಿಲ್ಲವೆಂದು ಅವ್ವನನ್ನೇ ಬೈದಿದ್ದನಲ್ಲ! ಹೇಗೆ ತಲೆಯೆತ್ತಿ ನೋಡುವುದು? ಪಂಪಮ್ಮ ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಿದ್ದಳು.

“ಹಂಗಾರ ನನ್ನ ಶೋಕಿ ಮುಗೀತೇನು?” ವೀರೇಶನ ದನಿಯಲ್ಲಿ ಸೋತ ಮಗುವಿನ ಅಳು ಇತ್ತು.

“ಯಾಕ ಮುಗೀತೈತ್ರಿ? ಶೋಕಿ ಬ್ಯಾಡ ಅನ್ನಂಗಿಲ್ಲ. ಕತ್ತರಿಸಿದ ಸ್ಪ್ರಿಂಗ್ ತಗಸ್ರಿ. ಈ ಕಾರಿಗಂತನ ಮಾಡಿದ್ದನ್ನ ಹಾಕಿಸ್ರಿ, ಟೈರು ಅಳತಿದು ಹಾಕಿಸ್ರಿ. ಪೈಪು ಹೊಸಾದು. ಅಲ್ಲೀತನ ಇದು ರೋಡಿಗೆ ಇಳಿಯಂಗಿಲ್ಲ.”

ಸೋಮವಾರ ಅವರು ಬಸ್ಸಿನಲ್ಲಿ ಸಂಡೂರಿಗೆ ಹೋದರು. ಬೀಗರು ಕಾರೆಲ್ಲಿ ಎಂದು ಕೇಳಿದಾಗ ವೀರೇಶ್ ಮುಚ್ಚಿಡಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ. ಕೇಳುತ್ತಿದ್ದ ಇಬ್ಬರು ಹುಡುಗರು ಮೆಲ್ಲಗೆ ಎದ್ದು ತಮ್ಮ ಕಾರಿನ ಕಡೆ ನಡೆದರು.

ಎರಡು ವಾರದ ಮೇಲೆ ಕಾರು ಮತ್ತೆ ಹೊರಗೆ ಬಂತು. ಎಲ್ಲ ಹೊಸದು, ಎಲ್ಲ ಅಳತೆಯದು. ಈಗಲೂ ವೀರೇಶ್ ತೊಳೆಯುತ್ತಾನೆ, ಆದರೆ ಮೊದಲು ಬಗ್ಗಿ ಧೂಳು ನೋಡುತ್ತಾನೆ, ಆಮೇಲೆ ನೀರು. ಅವತ್ತು ಹಂಪ್ಸ್ ಹತ್ತಿರ ಬಂದಾಗ ಪಂಪಮ್ಮನ ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋಯಿತು.

“ಇಳಿಬ್ಯಾಡವ್ವ” ಎಂದ ವೀರೇಶ್. “ನಿನಗ ಹೆಂಗ ಬೇಕೋ ಹಂಗ ಕುಂದ್ರು.”

ಕಾರು ಸಿಂಗರಿಸುವ ಅಣ್ಣತಮ್ಮಂದಿರೇ, ನಿಮ್ಮ ಆಸೆಗೆ ಯಾರೂ ಅಡ್ಡ ಬರುವುದಿಲ್ಲ. ಸ್ಪ್ರಿಂಗ್ ಮಾತ್ರ ಕತ್ತರಿಸಬೇಡಿ. ಏನು ಬದಲಿಸುವುದಿದ್ದರೂ ತಿಳಿದ ಮೆಕ್ಯಾನಿಕ್‌ನನ್ನು, ಆರ್‌ಟಿಒ ಕಚೇರಿಯನ್ನು ಮೊದಲು ಕೇಳಿ. ಮಂದಿ ಕೂತಾಗ ಹೊಸ ಸದ್ದು ಬಂದರೆ, ಬ್ರೇಕ್ ಮೆತ್ತಗಾದರೆ, ಕಾರನ್ನು ಅಲ್ಲೇ ನಿಲ್ಲಿಸಿ. ಈ ವಾರ ಬಕೆಟ್ಟು ಕೈಗೆತ್ತಿಕೊಳ್ಳುವ ಮುನ್ನ ಒಂದು ಸಲ ಬಗ್ಗಿ ನೋಡಿ. ಹಿಂದಿನ ಸೀಟಿನಲ್ಲಿ ಕೂರುವವರು ನಿಮ್ಮವರೇ.