ಮಳೆಮರದ ಕೆಳಗಿನ ಥ್ರೋಬಾಲ್

ಕಲಾ ಮೂವತ್ತು ವರ್ಷಗಳ ನಂತರ ಮತ್ತೆ ಥ್ರೋಬಾಲ್ ಹಿಡಿದದ್ದು ಮಾರೇನಹಳ್ಳಿಯ ಪಾರ್ಕಿನಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ. ಹೈಸ್ಕೂಲಿನಲ್ಲಿ ಅವಳು ಜಿಲ್ಲಾ ತಂಡಕ್ಕೆ ಆಡಿದವಳು. ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಹೊಸಹಳ್ಳಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾದ ಮೇಲೆ ಆಟ ತಾನಾಗಿ ಬಿಟ್ಟುಹೋಗಿತ್ತು. ಅಟ್ಟ ಗುಡಿಸುವಾಗ ಮಗಳ ಹಳೆಯ ಚೆಂಡು ಸಿಕ್ಕಿತು. ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಂಡು ಬಂದು, ಜೊತೆಯಲ್ಲಿ ವಾಕಿಂಗ್ ಮಾಡುವ ಐದಾರು ಹೆಂಗಸರನ್ನು ಸುತ್ತ ನಿಲ್ಲಿಸಿ ಎಸೆದಳು. ಮೊದಲ ಎಸೆತಕ್ಕೇ ಭುಜ ಹಳೆಯದನ್ನೆಲ್ಲ ನೆನಪಿಸಿಕೊಂಡಿತು.

ಮೂರನೆಯ ವಾರ ಚೆಂಡು ಹೋಗಿ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರ ಪೇಪರಿಗೆ ಬಡಿಯಿತು. ಅವರು ನಕ್ಕು ಪೇಪರ್ ಮಡಚಿಟ್ಟರು. ಆದರೆ ಪಾರ್ಕಿನ ಬಳಕೆದಾರರ ಸಂಘದ ಕಾರ್ಯದರ್ಶಿ ಜಗನ್ನಾಥ ಸುಮ್ಮನಿರಲಿಲ್ಲ. ನಿವೃತ್ತ ಇಂಜಿನಿಯರ್ ಅವರು. ನಿಯಮ ಅಂದರೆ ನಿಯಮ. ಮರುವಾರ ಗೇಟಿನ ಪಕ್ಕ ಚೆಂಡಾಟ ನಿಷೇಧಿಸಿದೆ ಎಂಬ ಬೋರ್ಡು ನೇತಾಡುತ್ತಿತ್ತು. ಕಲಾ ಜಗಳಕ್ಕೆ ಹೋಗಲಿಲ್ಲ. ಯಾವ ಹೊತ್ತಿನಲ್ಲಿ ಆಡಿದರೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಕೇಳಿದಳು.

"ಮಧ್ಯಾಹ್ನ ಹನ್ನೆರಡೂವರೆಗೆ ಬನ್ನಿ, ಒಂದು ನರಪಿಳ್ಳೇನೂ ಇರಲ್ಲ" ಎಂದರು ಜಗನ್ನಾಥ, ವ್ಯಂಗ್ಯವಾಗಿ.

"ಸರಿ ಸಾರ್, ಹನ್ನೆರಡೂವರೆಗೆ ಬರ್ತೀವಿ" ಎಂದಳು ಕಲಾ.

ಅವರಿಗೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಉಳಿಯಲಿಲ್ಲ.

ಏಪ್ರಿಲ್ ಬಿಸಿಲಿಗೆ ಕಲ್ಲು ಬೆಂಚುಗಳು ಬಾಣಲೆಯಂತೆ ಕಾದಿರುತ್ತಿದ್ದವು. ನೆರಳಿನ ದಾರಿ ತೋರಿಸಿದವಳು ಪಾರ್ಕಿನ ಗಿಡಗಳಿಗೆ ನೀರು ಹಾಕುವ ರಾಮಮ್ಮ. ಹತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಯಾವ ಹೊತ್ತಿಗೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆ ಎಂಬುದು ಬಾಯಿಪಾಠ. ನೆತ್ತಿಯ ಮೇಲೆ ಸೂರ್ಯ ನಿಂತಾಗ ಹಿಂಬದಿಯ ದೊಡ್ಡ ಮಳೆಮರದ ನೆರಳು ಎಲ್ಲಿಯೂ ವಾಲದೆ ಕೊಂಬೆಗಳ ಅಡಿಗೇ ದುಂಡಗೆ ಬೀಳುತ್ತದೆ, ಆ ಜಾಗದಲ್ಲಿ ಹುಲ್ಲೂ ಇಲ್ಲ ಎಂದಳು. ಕಲಾ ಹೆಜ್ಜೆ ಹಾಕಿ ಅಳೆದು ನೋಡಿದಳು. ಬುಡದ ಒಂದು ಬದಿಗೇ ಒಂದು ಅಂಕಣ ಹಿಡಿಸುತ್ತಿತ್ತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎರಡು ಬಿದಿರಿಗೆ ಬಲೆ ಕಟ್ಟಿದರು. ಆಡುವವರು ಒಬ್ಬರು ಕಡಿಮೆಯಾದಾಗ ರಾಮಮ್ಮನೇ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ನೀರಿನ ಪೈಪು ಎಳೆದು ಎಳೆದು ಗಟ್ಟಿಯಾದ ಅವಳ ತೋಳಿನಿಂದ ಹೊರಟ ಚೆಂಡನ್ನು ಹಿಡಿಯುವುದು ಸುಲಭವಿರಲಿಲ್ಲ.

ತೊಡಕೊಂದು ಇತ್ತು. ಮರದ ಕೆಳಗಿನ ಕೊಂಬೆಗಳು ಬಲೆಗಿಂತ ನಾಲ್ಕೇ ಅಡಿ ಮೇಲಿದ್ದವು. ಎತ್ತರಕ್ಕೆ ಎಸೆದರೆ ಚೆಂಡು ಕೊಂಬೆಗೆ ಬಡಿದು ತಲೆಯ ಮೇಲೇ ಬೀಳುತ್ತಿತ್ತು. ಕೊಂಬೆ ಕಡಿಸೋಣ ಎಂದು ಯಾರೋ ಹೇಳಿದಾಗ ಕಲಾ ಒಪ್ಪಲಿಲ್ಲ.

"ಕೊಂಬೆ ಹೋದ್ರೆ ನೆರಳೂ ಹೋಗುತ್ತೆ. ನಮ್ಮ ಕೈನೇ ಬದಲಾಯಿಸ್ಕೊಳ್ಳೋಣ" ಎಂದಳು.

ಆರು ವಾರ ಅವರು ಬಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ನೇರವಾಗಿ, ವೇಗವಾಗಿ ಎಸೆಯುವುದನ್ನಷ್ಟೇ ಅಭ್ಯಾಸ ಮಾಡಿದರು.

ಆ ಹೊತ್ತಿಗೆ ಜಗನ್ನಾಥರ ಹೆಂಡತಿ ಸೀತಾ ಬಂದು ಅಂಕ ಬರೆಯತೊಡಗಿದ್ದರು. ಅರವತ್ತೊಂದು ವರ್ಷದ ನಿವೃತ್ತ ಗಣಿತ ಟೀಚರ್. ಎರಡು ವಾರ ಬರೆದು, ಮೂರನೆಯ ವಾರ ಪೆನ್ನು ಬದಿಗಿಟ್ಟು ಅಂಕಣಕ್ಕೆ ಇಳಿದರು. ಸುದ್ದಿ ಕೇಳಿ ಓಡಿಬಂದ ಜಗನ್ನಾಥ ಮಂಡಿ ನೋವಿನ ವಿಷಯ ತೆಗೆದರು.

"ಮಂಡಿ ನಂದು ರೀ, ನಾನು ನೋಡ್ಕೋತೀನಿ" ಎಂದರು ಸೀತಾ.

ಮೇ ಕೊನೆಯ ಭಾನುವಾರ ದೀಪಾಂಜಲಿ ನಗರದ ಆಟದ ಮೈದಾನದಲ್ಲಿ ಬಡಾವಣೆಗಳ ಹೆಂಗಸರ ಪಂದ್ಯಾವಳಿಯಿತ್ತು. ಕಲಾಳ ತಂಡ ಹೆಸರು ಕೊಟ್ಟಿತು. ಮೊದಲ ಪಂದ್ಯದಲ್ಲಿ ಎದುರಾದವರೆಲ್ಲ ಇಪ್ಪತ್ತೈದರ ಆಸುಪಾಸಿನವರು, ಒಂದೇ ಬಣ್ಣದ ಟೀ ಶರ್ಟು ತೊಟ್ಟವರು. ಚೂಡಿದಾರದ ಮೇಲೆ ಶೂ ಹಾಕಿದ್ದ ಈ ಏಳು ಜನರನ್ನು ನೋಡಿ ಅವರ ನಾಯಕಿ ರಂಜಿನಿ, ಆಂಟಿಯರಿಗೆ ಬಿಸಿಲು ತಡೆದುಕೊಳ್ಳಲು ಆಗುತ್ತದೆಯೇ ಎಂದು ಕಾಳಜಿಯಿಂದಲೇ ವಿಚಾರಿಸಿದಳು. ಕಲಾ ನಕ್ಕಳು. ನಡುಮಧ್ಯಾಹ್ನ ಆಡಿ ಪಳಗಿದವರಿಗೆ ಬೆಳಗಿನ ಒಂಬತ್ತರ ಬಿಸಿಲು ತಂಪೇ ಆಗಿತ್ತು.

ಮೊದಲ ಸೆಟ್ ಹುಡುಗಿಯರು ಗೆದ್ದರು. ಹೊಸ ಮೈದಾನದ ಅಳತೆಗೆ ಹೊಂದಿಕೊಳ್ಳಲು ಕಲಾಳ ತಂಡಕ್ಕೆ ಅಷ್ಟು ಹೊತ್ತು ಹಿಡಿಯಿತು. ಎರಡನೆಯ ಸೆಟ್‌ನಲ್ಲಿ ರಾಮಮ್ಮನ ಎಸೆತಗಳು ಬಲೆಯನ್ನು ಸವರಿಕೊಂಡು ಹೋಗಿ ಬೀಳತೊಡಗಿದವು. ಮೇಲಿಂದ ನಿಧಾನವಾಗಿ ಇಳಿಯುವ ಚೆಂಡು ಹಿಡಿದು ಅಭ್ಯಾಸವಿದ್ದ ಹುಡುಗಿಯರಿಗೆ ಕೈ ಚಾಚಲೂ ಸಮಯ ಸಿಗಲಿಲ್ಲ. ಸೆಟ್ ಸಮವಾಯಿತು.

ಮೂರನೆಯದರಲ್ಲಿ ಹದಿನಾಲ್ಕು–ಹದಿಮೂರಿಗೆ ಕಲಾಳ ತಂಡ ಮುಂದಿತ್ತು. ರಂಜಿನಿ ಬೇಕೆಂದೇ ಹಿಂದಿನ ಮೂಲೆಯಲ್ಲಿದ್ದ ಸೀತಾ ಅವರ ಕಡೆ ಬಲವಾಗಿ ಎಸೆದಳು. ಸೀತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎರಡೂ ಕೈಯಲ್ಲಿ ಚೆಂಡನ್ನು ಹಿಡಿದರು. ಹಿಡಿದವರು ಅವಸರ ಮಾಡಲಿಲ್ಲ. ಎದುರು ಸಾಲಿನಲ್ಲಿ ಇಬ್ಬರ ನಡುವೆ ಜಾಗವಿದ್ದುದನ್ನು ನೋಡಿ ಅಲ್ಲಿಗೇ ಕಳಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದಿತ್ತು. ಹದಿನೈದನೆಯ ಅಂಕದೊಂದಿಗೆ ಪಂದ್ಯ ಕಲಾಳ ತಂಡದ್ದಾಯಿತು. ಬೇಲಿಯ ಹೊರಗೆ ಛತ್ರಿ ಹಿಡಿದು ನಿಂತಿದ್ದ ಜಗನ್ನಾಥ ಛತ್ರಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಮುಂದಿನ ಪಂದ್ಯ ಕೆಂಗೇರಿಯವರ ಎದುರು ಸೋತರು. ಅವರು ನಿಜಕ್ಕೂ ಚೆನ್ನಾಗಿ ಆಡಿದರು. ಕಲಾ ಹೋಗಿ ಅವರ ನಾಯಕಿಯ ಕೈ ಕುಲುಕಿ, ನಮಗೆ ಹಿಡಿಯಲಾಗದ ಆ ಸರ್ವಿಸ್ ಹೇಗೆ ಮಾಡುತ್ತೀರಿ ಎಂದು ಕೇಳಿ ಕಲಿತುಕೊಂಡೇ ಬಂದಳು. ಮಜ್ಜಿಗೆ ಕುಡಿಯುತ್ತಾ ಕೂತಾಗ ಜಗನ್ನಾಥ ಹತ್ತಿರ ಬಂದು, ಸಂಘದ ಸಭೆಯಲ್ಲಿ ಬೋರ್ಡಿನ ವಿಷಯ ತಾವೇ ಎತ್ತುವುದಾಗಿ ಹೇಳಿದರು. ಹೇಳಿದಂತೆ ಎತ್ತಿದರು ಕೂಡ. ಜೂನ್ ಮೊದಲ ವಾರದಿಂದ ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಹೆಂಗಸರ ಆಟಕ್ಕೆಂದು ನಿಗದಿಯಾಯಿತು.

ಆ ಮೊದಲ ಬೆಳಿಗ್ಗೆ ಹೊಸದಾಗಿ ಹನ್ನೊಂದು ಹೆಂಗಸರು ಬಂದಿದ್ದರು. ಕೆಲವರು ಚಪ್ಪಲಿಯಲ್ಲಿ, ಒಬ್ಬರು ಇಡ್ಲಿ ಹಿಟ್ಟಿನ ಪಾತ್ರೆಯೊಂದಿಗೆ. ಕಲಾ ಪಾತ್ರೆಯನ್ನು ಬೆಂಚಿನ ಮೇಲೆ ಇಡಿಸಿ, ಎಲ್ಲರನ್ನೂ ಎರಡು ಸಾಲು ಮಾಡಿ ನಿಲ್ಲಿಸಿದಳು.

"ಮೊದಲು ಹಿಡಿಯೋದು ಕಲೀರಿ" ಎಂದು ಚೆಂಡನ್ನು ಮೊದಲನೆಯವಳ ಕೈಗೆ ಮೆಲ್ಲಗೆ ಎಸೆದಳು.