ಗುಡ್ಡದ ಅಟ್ಟದ ಮೇಲೆ ಹೆಣ್ಣು ನೋಡಿದ್ದು

"ಮಗ್ಗದ ಶೆಡ್ಡಿನ್ಯಾಗ ಬೆಳೆದ ಹುಡುಗ್ಯಾರಿಗೆ ಕಿವಿ ಮಂದ ಇರತಾವ್ರಿ, ಮೊದ್ಲ ಹೇಳತೇನಿ," ಅಂದಳು ಯಲ್ಲವ್ವ. ಅವಳು ಹುಡುಗ ಸಿದ್ದಾರೂಢನ ಸೋದರತ್ತೆ. ಆ ಮನೆಯಲ್ಲಿ ಅವಳು ಹೂಂ ಅಂದರೆ ಲಗ್ನ, ಇಲ್ಲದಿದ್ದರೆ ಇಲ್ಲ.

"ನಮ್ಮ ನಂದಾಗ ಹಂಗಿಲ್ರೀ ಅಕ್ಕಾರ," ಅಂದ ಹುಡುಗಿಯ ಅಪ್ಪ ಮಹಾಲಿಂಗಪ್ಪ. "ಹನ್ನೆರಡು ಮಗ್ಗ ಓಡಾಕತ್ತಿದ್ರೂ ಯಾವುದರಾಗ ಎಳಿ ಹರೀತು ಅಂತ ಸಪ್ಪಳದ ಮ್ಯಾಲ ಹೇಳತಾಳ."

"ಎಲ್ಲಾ ಅಪ್ಪಗೋಳೂ ಹಂಗ ಅಂತಾರ."

ಬನಹಟ್ಟಿಯ ಹುಡುಗಿಯ ಮನೆಯಲ್ಲಿ ಮಗ್ಗದ ಗದ್ದಲ, ಅಲ್ಲಿ ಕಿವಿ ಕೇಳುತ್ತದೋ ಇಲ್ಲವೋ ತಿಳಿಯುವುದಿಲ್ಲ ಅಂತ ಯಲ್ಲವ್ವನೇ ಜಮಖಂಡಿಯಾಚೆಯ ಈ ಗುಡ್ಡಕ್ಕೆ ಕರೆಸಿದ್ದಳು. ತುದಿಯಲ್ಲಿ ಅರಣ್ಯದವರು ಕಟ್ಟಿದ ಕಟ್ಟಿಗೆಯ ಅಟ್ಟ, ಸುತ್ತ ನೋಡಲಿಕ್ಕೆ. ಹಿಂದಿನ ಎರಡು ಸಂಬಂಧ ನಂದಾ ಎದುರುತ್ತರ ಕೊಟ್ಟಳು ಅಂತ ಮುರಿದಿದ್ದವು. ಹಾಗಾಗಿ ಗಾಡಿ ಹತ್ತುವಾಗ ಅಪ್ಪ ಒಂದೇ ಮಾತು ಹೇಳಿದ್ದ: "ಯಾರ ಏನ ಅಂದ್ರೂ ತುಟಿ ಬಿಚ್ಚಬ್ಯಾಡವ್ವಾ. ಈ ಸಲ ಆಗಲಿ."

ಅಪ್ಪ ಕೆಳಗೇ ನಿಂತ. ಉಳಿದ ಮೂವರು ಏಣಿ ಹತ್ತಿದರು.

"ಅತ್ತಲಾಗ ನೋಡವ್ವಾ, ಹೊಳಿ ಕಾಣತೈತಿ," ಅಂದಳು ಯಲ್ಲವ್ವ. ನಂದಾ ಅಟ್ಟದ ಅಂಚಿನ ಕಟಾಂಜನ ಹಿಡಿದು ಕಬ್ಬಿನ ಹಸಿರಿನ ಆಚೆ ನೋಡಿದಳು. ಯಲ್ಲವ್ವ ಸಿದ್ದಾರೂಢನಿಗೆ ಕಣ್ಣು ಮಿಟುಕಿಸಿ, ಅವಳ ಬೆನ್ನ ಹಿಂದೆ ಒಂದು ಮಾರು ದೂರ ನಿಂತಳು.

"ಬಣ್ಣ ನೋಡು, ಸುಟ್ಟ ಬದನಿಕಾಯಿ."

ನಂದಾ ಅಲುಗಲಿಲ್ಲ.

"ಇಕಿ ಅವ್ವ ಸತ್ತದ್ದ ಛಲೋ ಆತು ಬಿಡು. ಇಂಥಾಕೀನ ನೋಡೂದು ತಪ್ಪಿತು."

ಸಿದ್ದಾರೂಢ ನಕ್ಕ. ನಂದಾಳ ಬೆರಳು ಕಟ್ಟಿಗೆಯ ಮೇಲೆ ಬಿಗಿದವು, ಅಷ್ಟೇ. ಯಲ್ಲವ್ವ ಬಗ್ಗಿ ಕೆಳಗೆ ಕೂಗಿದಳು: "ಆಗೂದಿಲ್ರೀ. ಕಿವುಡಿ."

ಮಹಾಲಿಂಗಪ್ಪ ಏದುಸಿರು ಬಿಡುತ್ತ ಹತ್ತಿ ಬಂದ. "ಏನಂದ್ರು ಹೇಳವ್ವಾ, ಕೇಳಿಸಿತಿಲ್ಲೋ?"

"ಸುಟ್ಟ ಬದನಿಕಾಯಿ ಅಂದ್ರು. ಅವ್ವ ಸತ್ತದ್ದ ಛಲೋ ಆತು ಅಂದ್ರು. ನೀ ಹೇಳಿದ್ದಿ ಅಂತ ಸುಮ್ಮನಿದ್ದೆ."

ಅಪ್ಪನ ಮುಖ ಅರಳಿತು. "ನೋಡ್ರೀ ಅಕ್ಕಾರ, ಒಂದ ಅಕ್ಷರ ಬಿಟ್ಟಿಲ್ಲ ನನ್ನ ಮಗಳು."

ನಂದಾ ಅಪ್ಪನನ್ನೇ ನೋಡಿದಳು.

"ಹೆತ್ತಾಕೀನ ಅಂದ್ರೂ ಸುಮ್ಮನ ನಿಂತಾಳಂದ್ರ, ನಾಳೆ ನಮ್ಮ ಮನ್ಯಾಗ ಏನೇನ ಹೊಟ್ಟ್ಯಾಗ ಇಟ್ಕೋತಾಳೋ," ಅಂದಳು ಯಲ್ಲವ್ವ. "ಕಿವುಡಿ ಆಗಿದ್ರ ಔಷಧರ ಕೊಡಸತಿದ್ವಿ. ಬ್ಯಾಡ್ರಿ."

"ಇನ್ನೊಮ್ಮೆ ವಿಚಾರ ಮಾಡ್ರೆಲಾ."

"ಮಾಡೇನಿ. ನನ್ನ ಇಷ್ಟು ಹಿಡೀರಿ, ಇಳೀಬೇಕು. ಏಣಿ ಭಾಳ ಕಡಿದಾಗೈತಿ."

ಮಹಾಲಿಂಗಪ್ಪ ಮೊದಲು ಇಳಿದ. ಯಲ್ಲವ್ವನ ಕಾಲು ಗಾಳಿಯಲ್ಲಿ ಮೆಟ್ಟಿಲು ತಡಕಾಡುತ್ತಿತ್ತು. ಅವನು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲಿಟ್ಟ, ಆಮೇಲೆ ಇನ್ನೊಂದನ್ನು, ಹಾಗೇ ಕೆಳಗಿನ ತನಕ.